ಕಪ್ಪಾಗದ ಟೇಪು

ಗುಂಗುರೂ,

ಇವತ್ತು ಲ್ಯಾಬಿನಲ್ಲಿ ನಮ್ಮ ಕಪ್ಪು ಪದರ ಕೊನೆಗೂ ಲೋಹದ ತಟ್ಟೆಗೆ ಕಚ್ಚಿಕೊಂಡಿತು. ದ್ರಾವಣ ನೀನು ಹೇಳಿದ್ದೇ: ಮ್ಯಾಂಗನೀಸ್ ಉಪ್ಪು, ಅದರಲ್ಲಿ ಕದಡಿದ ಇಂಗಾಲದ ನ್ಯಾನೊ ಪುಡಿ. ಅದಕ್ಕೆ ಹಾಯಿಸುವ ಕರೆಂಟ್ ಮಾತ್ರ ತೀರ ಕಡಿಮೆ ಇಟ್ಟೆ, ಪದರ ನಿಧಾನವಾಗಿ ಕೂರಲಿ ಅಂತ. "ಅವಸರ ಮಾಡ್ಬೇಡ ಕಣೇ" ಅಂತ ನೀನು ಬಡಕೊಳ್ಳುತ್ತಿದ್ದೆಯಲ್ಲ.

ತಟ್ಟೆ ಒಣಗಿದ ಮೇಲೆ, ಪದರ ಕಿತ್ತು ಬರುತ್ತದೋ ನೋಡಲು ಸೆಲ್ಲೋ ಟೇಪು ಅಂಟಿಸಿ ಎಳೆದೆ. ಯಾವಾಗಲೂ ನೀನು ಎಳೆಯುತ್ತಿದ್ದೆ, ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಈ ಸಲ ನೋಡುತ್ತಲೇ ಎಳೆದೆ. ಟೇಪಿಗೆ ಒಂದು ಚೂರೂ ಕಪ್ಪು ಹತ್ತಲಿಲ್ಲ.

ಬೀರುವಿನ ಬಾಗಿಲ ತುಂಬ ನೀನು ಅಂಟಿಸಿದ ಟೇಪುಗಳು ಹಾಗೇ ಇವೆ, ಕಿತ್ತುಬಂದ ಪದರಗಳಿಂದ ಕಪ್ಪಾದವು. ನಮ್ಮ ಪಿಎಚ್‌ಡಿ ಗೈಡ್ ಅಂದರು, "ಇನ್ನಾದ್ರೂ ಅವನ್ನೆಲ್ಲ ಕಿತ್ತು ಹಾಕಮ್ಮ. ಅವನು ತೀರ್ಕೊಂಡು ವರ್ಷ ಆಯ್ತು."

ಹೂಂ ಅಂದೆ.

ಅವರು ಹೋದ ಮೇಲೆ ಇವತ್ತಿನ ಟೇಪನ್ನೂ ನಿನ್ನ ಸಾಲಿನ ಕೊನೆಗೆ ಅಂಟಿಸಿದೆ. ಅಲ್ಲಿ ಏನೂ ಅಂಟಿಸಿಲ್ಲದ ಹಾಗೆಯೇ ಕಾಣುತ್ತದೆ.