ತಮ್ಮಣ್ಣ ಒಟ್ಟಿದ ಬಣವೆ

ದರಿಬಡಚಿ
ತಾ. ೯ ನವೆಂಬರ್ ೧೯೫೩

ಚಿ. ಸೌ. ಸಾವಿತ್ರವ್ವಳಿಗೆ ನಿನ್ನ ಅಪ್ಪ ಗುರುಲಿಂಗಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲ ಇದ್ದೇವೆ. ಡಫಳಾಪುರದ ನಿಮ್ಮ ಕ್ಷೇಮ ತಿಳಿಸು. ಕಾಗದ ತಡವಾಯಿತೆಂದು ಸಿಟ್ಟಾಗಬೇಡ ಮಗಳೇ. ಬರೆಯಲು ಕೂತರೆ ನಿನ್ನ ತಮ್ಮನ ಹೆಸರು ಬರೆಯಬೇಕಲ್ಲ ಎಂದು ಎದ್ದುಬಿಡುತ್ತಿದ್ದೆ.

ತಮ್ಮಣ್ಣ ಜ್ವರದಲ್ಲಿ ಹೋದ ಮೇಲೆ, ಅವನು ಒಟ್ಟಿದ ಜೋಳದ ಕಣಕಿ ಮೇವಿನ ಬಣವೆಯನ್ನು ಯಾರೂ ಮುಟ್ಟಕೂಡದೆಂದು ನಿನ್ನ ಅವ್ವ ಹಟ ಹಿಡಿದಳು. "ವರ್ಷ ತುಂಬೂತನಾ ಅದು ಅವಂದು. ಅದರ ಮ್ಯಾಲೆ ಕುಂತಿರ್ತಾನ" ಅಂದಳು. ಗಾಳಿ ಇಲ್ಲದಾಗಲೂ ಹಿತ್ತಲಲ್ಲಿ ಕಣಕಿ ಸರಸರ ಅನ್ನುತ್ತಿತ್ತು. ಮುಂಗುಸಿ ಇರಬೇಕು ಎಂದು ಹೇಳುತ್ತಿದ್ದವನು ನಾನೇ. ಆದರೆ ಆ ಕಡೆ ಹೋಗುತ್ತಿರಲಿಲ್ಲ. ಹೆದರಿಕೆಯಾಗುತ್ತಿತ್ತು.

ಆಕಳಿಗೆ ಬೇಲಿಬದಿಯ ಒಣ ಕರಡ ಹುಲ್ಲು, ಸಜ್ಜೆಯ ಒರಟು ದಂಟು ಹಾಕಿದೆವು. ಹೊಟ್ಟೆ ತುಂಬಿತೇ ಹೊರತು ಕೆಚ್ಚಲು ತುಂಬಲಿಲ್ಲ. ಚರಿಗೆ ತುಂಬ ಕೊಡುತ್ತಿದ್ದ ಹಾಲು ತಳ ಮುಚ್ಚುವಷ್ಟಕ್ಕೆ ಇಳಿಯಿತು. ಸೊಸೆ ಮಲಕವ್ವನ ಎದೆಹಾಲು ಗಂಡ ಹೋದಾಗಲೇ ಬತ್ತಿತ್ತು. ಕೂಸಿಗೆ ಆಕಳೇ ಗತಿ. ಅದರ ಅಳು ದಿನದಿನಕ್ಕೆ ಸಣ್ಣದಾಯಿತು. "ತಮ್ಮಣ್ಣ ಹಾಲ ಹಿಡದಾನ" ಎಂದರು ಓಣಿಯವರು. ಎಂಥ ಮಾತು! ಸ್ವಂತ ಕೂಸಿನ ಬಾಯಿಂದ ಕಿತ್ತುಕೊಳ್ಳುವವನೇ ನನ್ನ ಮಗ?

ಕೊನೆಗೆ ಮಲಕವ್ವನೇ ಕೂಸನ್ನು ನಿನ್ನ ಅವ್ವನ ಉಡಿಯಲ್ಲಿ ಹಾಕಿದಳು. "ಅತ್ತಿ, ಈ ಕಣಕಿ ಎಲಿ ಇನ್ನಾ ಹಸರ ಇದ್ದಾಗ ನಿಮ್ಮ ಮಗ ಯಾಕ ಕಿತ್ತು ಒಣಗಿಸಿದ್ರು ಗೊತ್ತೇನ್ರಿ? ಬಾಣಂತನಕ್ಕ ಆಕಳ ಹಾಲ ಹೆಚ್ಚಾಗ್ಲಿ ಅಂತ. ಕಾಯೂದಾದ್ರ ಈ ಕೂಸಿನ್ನ ಕಾಯ್ರಿ" ಅಂದವಳೇ ಹೋಗಿ ಬಣವೆಯಿಂದ ಒಂದು ಸೂಡು ಕಟ್ಟನ್ನು ಎಳೆದಳು. ನಿನ್ನ ಅವ್ವ ಚೀರಿದಳು. ಏಳಲು ಮಾತ್ರ ಆಗಲಿಲ್ಲ, ಉಡಿಯಲ್ಲಿ ಕೂಸಿತ್ತು.

ಆ ಸಿಹಿ ಕಣಕಿ ತಿನ್ನತೊಡಗಿದ ಮೇಲೆ ಆಕಳು ಮೆಲ್ಲಗೆ ಮತ್ತೆ ಚರಿಗೆ ತುಂಬಿಸಿತು. ಕೂಸು ಈಗ ಓಣಿಗೆಲ್ಲ ಕೇಳುವಂತೆ ಅಳುತ್ತದೆ. ನನಗೆ ಅದನ್ನು ಕೇಳುವುದೇ ಸಂತೋಷ. ಹಿತ್ತಲ ಸದ್ದು ನಿಂತಿದೆ.

ಅಳಿಯಂದಿರಿಗೆ ಶರಣು ಹೇಳು. ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ.

ಇಂತಿ ನಿನ್ನ ಅಪ್ಪ,
ಗುರುಲಿಂಗಪ್ಪ

ತಾ. ಕ.: ಸೂಡು ಬಿಚ್ಚುವ ಕೆಲಸವನ್ನು ನಾನು ಯಾರಿಗೂ ಬಿಡುವುದಿಲ್ಲ. ಅವನು ದಂಟು ಹೊಸೆದು ಬಿಗಿದ ಗಂಟಿನ ಮೇಲೆ, ಅವನ ಬೆರಳಿದ್ದಲ್ಲೇ ನನ್ನ ಬೆರಳು ಕೂರುತ್ತದೆ. ದೊಡ್ಡವನಾದ ಮೇಲೆ ನಾನು ಅವನ ಕೈ ಹಿಡಿದೇ ಇರಲಿಲ್ಲ, ಸಾವಿತ್ರವ್ವ. ಈಗ ದಿನಾ ಹಿಡಿಯುತ್ತೇನೆ, ಹಿಡಿದು ಆಕಳ ಮುಂದೆ ಬಿಚ್ಚಿ ಹಾಕುತ್ತೇನೆ. ಬಣವೆ ಮೊಣಕಾಲೆತ್ತರಕ್ಕೆ ಇಳಿದಿದೆ.