ಅರ್ಧ ಒರೆಸಿದ ಬಣ್ಣ

ಜೂನ್ 2, ಸಂಜೆ

ಪಾಳಿ ಮುಗಿಸಿ ಬಂದೆ. ಗಂಟಲು ಕಾದ ಹಂಚು. ಇಡೀ ದಿನ ಬಸ್‌ಸ್ಟ್ಯಾಂಡಿನ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗಿ ಕರೆದು, ಕೂಗಿ ಕಳಿಸಿ... ಆದರೂ ಚಪ್ಪಲಿ ಬಿಟ್ಟವಳೇ ಕಾದಂಬರಿಯ ಕೊನೆಯ ಅಧ್ಯಾಯಕ್ಕೆ ಕೈ ಹಾಕಿದೆ. ನಿಂತೇ ಬರೆಯುವುದು. ಮೊದಲು ಹೇಳುವುದು, ಆಮೇಲೆ ಬರೆಯುವುದು. ಬಾಯಲ್ಲಿ ನಿಲ್ಲದ ಮಾತು ಕಾಗದದಲ್ಲಿ ನಿಂತೀತೆ?

"ಎಲೈ ಕಾಲವೇ!" ಎಂದು ಒಂದು ಗರ್ಜನೆ ಬಿಟ್ಟೆ. ಕಿಟಕಿಯ ಗಾಜು ನಡುಗಿತು.

"ಶುರುವಾಯ್ತಪ್ಪಾ ಇವಳ ದರ್ಬಾರು," ಎಂದರು ಅತ್ತೆ. ಕಿವಿಯ ಮಿಷನ್ ತೆಗೆದರು. ಡಬ್ಬಿಗೆ ಹಾಕಿದರು. ಟಕ್.

ಊರು ಚಪ್ಪಾಳೆ ತಟ್ಟಿದ ಕಂಠ ಇದು. ಅಪ್ಪನ ನಾಟಕ ಕಂಪನಿಯಲ್ಲಿ ಗಂಡಸರು ಕೈಕೊಟ್ಟಾಗಲೆಲ್ಲ ಮೀಸೆ ಅಂಟಿಸಿಕೊಂಡು ಸಿಂಹಾಸನವೇರಿದವಳು ನಾನು. ಮನೆಯಲ್ಲಿ ಈ ಮರ್ಯಾದೆ. ಟಕ್!

ಜೂನ್ 11

ಮುಗಿಯಿತು. ಕಂಪನಿಯ ಕಥೆ, ಅಪ್ಪನ ಕಥೆ. ನಾಯಕ ಕೊನೆಯಲ್ಲಿ ತುಂಬಿದ ರಂಗದ ಮೇಲೆ, ಏಳು ಪುಟ ಮಾತಾಡಿ, ಪ್ರಾಣ ಬಿಡುತ್ತಾನೆ. ಡ್ರೈವರುಗಳ ವಿಶ್ರಾಂತಿ ಕೋಣೆಯಲ್ಲಿ ನಿಂತು ಓದಿದೆ. ಕಂಟ್ರೋಲರ್ ಕರವಸ್ತ್ರ ಒದ್ದೆ ಮಾಡಿಕೊಂಡ. ಒಬ್ಬ ಡ್ರೈವರ್ ಬಸ್ಸನ್ನೇ ಮರೆತು ಕೂತ. ಗೆದ್ದೆ!

ಪ್ರಕಾಶನದ ಸಂಪಾದಕಿಗೆ ಫೋನಿನಲ್ಲೇ ಮೊದಲ ಅಧ್ಯಾಯ ಓದಿ ಕೇಳಿಸಿದೆ. ಅತ್ತಳು, ಪುಣ್ಯಾತ್ಗಿತ್ತಿ. ಕಳಿಸಿ ಎಂದಳು. ಕಳಿಸಿದೆ.

ಜುಲೈ 24

ಸಂಪಾದಕಿಯ ಕಚೇರಿಗೆ ಹೋಗಿ ಬಂದೆ. ಹೇಗೆ ಬರೆಯಲಿ... ಸಣ್ಣ ಕೋಣೆ, ನೆಲದಿಂದ ಸೂರಿನವರೆಗೂ ಹಸ್ತಪ್ರತಿಯ ಕಟ್ಟುಗಳು, ಅವುಗಳ ನಡುವೆ ನನ್ನದೂ ಒಂದು. ಅಂಚಿನಲ್ಲಿ ಹಸಿರು ಚೀಟಿಗಳು.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ಪ್ರತಿ ಅಧ್ಯಾಯ ಮುಗಿದ ಕೂಡ್ಲೆ ಈ ಗಂಡ ಹೆಂಡ್ತಿ ಬಂದು ಜಗಳ ಆಡಿ ನಗಿಸಿ ಹೋಗ್ತಾರಲ್ಲ, ಯಾರಿವರು? ಕಥೆಗೂ ಇವರಿಗೂ ಸಂಬಂಧಾನೇ ಇಲ್ವಲ್ಲ?"

"ಹಾಸ್ಯದ ಜೋಡಿ ಕಣ್ರೀ. ಅವರು ಮುಂದಿನ ಪರದೆ ಎದುರು ನಗಿಸ್ತಿರ್ಬೇಕು, ಅಷ್ಟರಲ್ಲಿ ಹಿಂದೆ ಅರಮನೆ ಕಿತ್ತು ಕಾಡು ಕಟ್ಬೇಕಲ್ಲ!"

ಅವಳು ಪೆನ್ನು ಕೆಳಗಿಟ್ಟಳು. "ಕಾದಂಬರೀಲಿ ಯಾರು ಮೇಡಂ ಅರಮನೆ ಕೀಳೋರು?"

ಹೌದಲ್ಲ! ಎರಡು ವರ್ಷ, ಇಲ್ಲದ ಸೆಟ್ಟಿಗೆ ಹೊತ್ತು ಕೊಡಲೆಂದು ಹಾಸ್ಯ ಬರೆದುಕೊಂಡು ಕೂತಿದ್ದೇನೆ!

ಅಲ್ಲಿಗೇ ನಿಲ್ಲಲಿಲ್ಲ. "ಫೋನಲ್ಲಿ ಓದಿದ್ರಲ್ಲ, ಅತ್ತುಬಿಟ್ಟೆ. ಆಮೇಲೆ ಅದನ್ನೇ ಒಬ್ಳೇ ಕೂತು ಓದ್ದೆ. ಅಳು ಬರ್ಲಿಲ್ಲ. ಪ್ರತಿ ಪುಸ್ತಕದ ಜೊತೆಗೂ ನೀವು ಹೋಗಿ ಓದೋಕಾಗುತ್ತಾ?"

ಅಕ್ಟೋಬರ್ ಕೊನೆಗೆ ಇನ್ನೊಂದು ಸಲ ನೋಡುತ್ತಾಳಂತೆ. ಅದೇ ಕೊನೆ. ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದಳು: "ನಿಮ್ಮ ದನಿ ಕೇಳದೇ ಇರೋರು ಯಾರಾದ್ರೂ ಓದ್ಲಿ."

ಜುಲೈ 25

ಮೂರ್ಖಳು. ಕಲೆಯ ಗಂಧಗಾಳಿ ಇಲ್ಲ.

ಜುಲೈ 25, ಮತ್ತೆ

ನನ್ನ ದನಿ ಕೇಳದವರು ಈ ಊರಲ್ಲಿ ಯಾರಿದ್ದಾರೆ? ಬಸ್ ಹತ್ತಿದವರೆಲ್ಲ ಕೇಳಿದ್ದಾರೆ, ಹತ್ತದವರೂ...

ಆಗಸ್ಟ್ 19

ಬರೆದಿಲ್ಲ. ಹರಿದಿದ್ದೇನೆ. ಹಾಸ್ಯದ ಜೋಡಿಯನ್ನು ಮನೆಗೆ ಕಳಿಸಿದೆ. ಕಟ್ಟು ಅರ್ಧಕ್ಕೆ ಇಳಿಯಿತು. ಕೂತರೆ ನಿಲ್ಲುತ್ತೇನೆ, ನಿಂತರೆ ನಡೆಯುತ್ತೇನೆ. ಬಾಯಿ ಮುಚ್ಚಿ ಬರೆಯಹೋದರೆ ತುಟಿ ತಾನೇ ಅಲ್ಲಾಡುತ್ತದೆ.

ನಮ್ಮನೆಯವರು ಇಸ್ತ್ರಿ ಮಾಡುತ್ತ ಕೇಳಿದರು, "ಏನೇ, ಮನೆ ಇಷ್ಟು ಸುಮ್ಮನಿದೆ? ಜ್ವರಾನಾ?"

ಅತ್ತೆ ಆಗಲೇ ಸಾಮಾನು ಕಟ್ಟಿ ತಂದ ಹಳೇ ಪೇಪರನ್ನು ಬಿಡಿಸಿ ಓದುತ್ತಿದ್ದರು. ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ಹೆಂಗಸು. ಔಷಧಿಯ ಚೀಟಿಯನ್ನೂ ಬಿಡುವುದಿಲ್ಲ. ನಾನು ಕೆಮ್ಮಿದೆ, ಅಷ್ಟೆ. ಟಕ್.

ಅಯ್ಯೋ! ಡಬ್ಬಿಯನ್ನೇ ನೋಡುತ್ತ ನಿಂತೆ. ನನ್ನ ದನಿ ಕೇಳದೆ ಓದುವವರು ಇಲ್ಲೇ ಇದ್ದಾರಲ್ಲ!

ಆಗಸ್ಟ್ 20

ಕೊನೆಯ ಅಧ್ಯಾಯ ಕೊಟ್ಟೆ. ಊಟದ ಮೇಜಿನ ಮೇಲೆ ಹರಡಿಕೊಂಡು ಓದಿದರು. ನಾನು ಅಡುಗೆಮನೆಯ ಬಾಗಿಲಲ್ಲಿ. ರಂಗದ ಪಕ್ಕದ ವಿಂಗಿನಲ್ಲಿ ನಿಂತು ಪ್ರೇಕ್ಷಕರ ಮುಖ ನೋಡಿದವಳಿಗೆ ಇದೇನು ಹೊಸದೇ? ಎರಡು ಪುಟ ಓದಿದರು. ಮೂರು ಪುಟ ಒಟ್ಟಿಗೆ ತಿರುವಿದರು. ಆಕಳಿಸಿದರು. ಆಕಳಿಕೆ!

ಮಿಷನ್ ಹಾಕಿಕೊಂಡರು. "ಇಷ್ಟೊಂದು ಮಾತಾಡ್ಕೊಂಡು ಸಾಯೋರನ್ನ ನಾನಂತೂ ನೋಡಿಲ್ಲಮ್ಮ. ನಿಮ್ಮ ಮಾವ ಹೋಗೋವಾಗ ಏನಂದ್ರು ಗೊತ್ತಾ? ಫ್ಯಾನ್ ಕಮ್ಮಿ ಮಾಡು ಅಂದ್ರು. ಕಮ್ಮಿ ಮಾಡಿ ತಿರುಗಿ ನೋಡ್ತೀನಿ, ಹೋಗ್ಬಿಟ್ಟಿದ್ರು."

"ನಾಟಕದವರ ಸಾವು ಬೇರೆ ಅತ್ತೆ!"

"ಕಿರುಚ್ಬೇಡ. ನಿಮ್ಮಪ್ಪ ಏನಂದ್ರು?"

ಪಾತ್ರೆ ತೊಳೆಯಲು ಹೋದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಆಗಸ್ಟ್ 23

ಅಪ್ಪ ಏನೂ ಅನ್ನಲಿಲ್ಲ.

ಸೆಪ್ಟೆಂಬರ್ 30

ಬರೆದೆ, ಹೊಡೆದೆ. ಬರೆದೆ, ಹೊಡೆದೆ. ಮೈಕಿನಲ್ಲಿ ನಿನ್ನೆ ತಪ್ಪು ಪ್ಲಾಟ್‌ಫಾರಂ ಕೂಗಿದೆ. ಜನವೆಲ್ಲ ಗಂಟುಮೂಟೆ ಹೊತ್ತು ಅತ್ತ ಓಡಿತು, ಇತ್ತ ಓಡಿತು. "ಅಕ್ಕಾ, ಮನೇಲೆಲ್ಲ ಸೌಖ್ಯ ತಾನೆ?" ಎಂದ ಕಂಟ್ರೋಲರ್. ಏನು ಹೇಳಲಿ? ಏಳು ಪುಟದ ಸಾವನ್ನು ಒಂದೂವರೆಗೆ ಇಳಿಸುತ್ತಿದ್ದೇನೆ ಕಣಪ್ಪ ಎನ್ನಲೇ?

ಅಕ್ಟೋಬರ್ 17

ಕೂತು ಬರೆದೆ. ಬಾಯಿ ಬಿಡದೆ. ರಂಗವಿಲ್ಲ, ಪ್ರೇಕ್ಷಕರಿಲ್ಲ. ಆಟ ಮುಗಿದಿದೆ. ಬಣ್ಣದ ಮನೆಯಲ್ಲಿ ಒಂದು ಕುರ್ಚಿ. ಕಂಪನಿಯ ಯಜಮಾನ ಕನ್ನಡಿ ಮುಂದೆ ಕೂತು ರಾಜನ ಬಣ್ಣ ತೆಗೆಯುತ್ತಿದ್ದಾನೆ. ಬಲಗಡೆ ಒರೆಸಿ ಮುಗಿಯಿತು. ಹತ್ತಿಯ ಉಂಡೆ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲಿಲ್ಲ. ಹೊರಗೆ ಯಾರೋ ಪೆಟ್ಟಿಗೆ ಎಳೆಯುತ್ತಿದ್ದರು.

ಅಷ್ಟೆ. ಇದೂ ಒಂದು ಮುಕ್ತಾಯವೇ? ಚಪ್ಪಾಳೆ ಎಲ್ಲಿ ಬೀಳಬೇಕು? ಓದಿ ನೋಡೋಣವೆಂದರೆ ಒಂದು ಸಾಲೂ ಗರ್ಜಿಸಲು ಬರುವುದಿಲ್ಲ.

ಅಕ್ಟೋಬರ್ 26, ಮಧ್ಯಾಹ್ನ

ಕಟ್ಟು ಕಟ್ಟಿ ಅಂಚೆಗೆ ಹೊರಟಿದ್ದೆ. ಹೊಸ್ತಿಲಿಂದ ವಾಪಸು ಬಂದು ಕೊನೆಯ ಹಾಳೆಗಳನ್ನು ಅತ್ತೆಯ ಮುಂದಿಟ್ಟೆ. "ಇನ್ನೂ ಸಾಯ್ಲಿಲ್ವಾ ಆ ಮನುಷ್ಯ?" ಎಂದರು. ಟಕ್.

ಓದಿದರು. ಪುಟ ಹಾರಿಸಲಿಲ್ಲ. ಮುಗಿದ ಮೇಲೆ ಹಾಳೆ ತಿರುಗಿಸಿ ಹಿಂಬದಿ ನೋಡಿದರು. ಅಲ್ಲೇನೂ ಇಲ್ಲ. ಮತ್ತೆ ಮುಂದಕ್ಕೆ ತಿರುಗಿಸಿದರು. ಡಬ್ಬಿ ತೆರೆದು, ಮಿಷನ್ ಕಿವಿಗೆ ಹಾಕಿಕೊಂಡು, ನನ್ನ ಕಡೆ ತಿರುಗಿದರು.

"ಉಳಿದರ್ಧ ಮುಖದ ಬಣ್ಣ ಯಾರೇ ತೆಗೆದ್ರು?"

ನಾನು, ಎಂದೆ. ತುಟಿ ಅಲ್ಲಾಡಿತು. ನಾಲ್ಕನೇ ಪ್ಲಾಟ್‌ಫಾರಮ್ಮಿಗೆ ಮೈಕಿಲ್ಲದೆ ಮುಟ್ಟುವ ದನಿ ಮೇಜಿನ ಆಚೆಗೆ ಮುಟ್ಟಲಿಲ್ಲ.

ಅತ್ತೆ ಮಿಷನ್ನಿನ ತಿರುಪು ತಿರುಗಿಸಿದರು. ಮುಂದೆ ಬಾಗಿದರು.

"ಕೇಳಿಸ್ಲಿಲ್ಲ ಕಣೆ. ಒಂಚೂರು ಜೋರಾಗಿ ಹೇಳು."

ಅದೇ ದಿನ, ಸಂಜೆ

ಅಂಚೆಗೆ ಹೋಗಲಿಲ್ಲ. ತಿಂಗಳು ಮುಗಿಯಲು ಇನ್ನೂ ಹೊತ್ತಿದೆ. ಅತ್ತೆ ಎದುರು ಕೂತಿದ್ದಾರೆ, ಮಿಷನ್ ಕಿವಿಯಲ್ಲೇ ಇದೆ. ನಾನೂ ಕೂತಿದ್ದೇನೆ. ಒಂದೇ ಒಂದು ಪುಟ ಬಾಕಿ. ಮಗಳು ಬಗ್ಗಿ ನೆಲದ ಹತ್ತಿ ಎತ್ತಿಕೊಳ್ಳುತ್ತಾಳೆ. ಅದಕ್ಕೆ ಧೂಳು ಮೆತ್ತಿದೆ. ಹೊಸ ಹತ್ತಿ ಹರಿದು ಎಣ್ಣೆಯಲ್ಲಿ ಅದ್ದುತ್ತಾಳೆ. ಎಡ ಹುಬ್ಬಿನಿಂದ ಶುರು ಮಾಡುತ್ತಾಳೆ, ಮೆಲ್ಲಗೆ, ಅವನಿಗೆ ಕಣ್ಣಿಗೆ ಎಣ್ಣೆ ಹೋದರೆ ಆಗುವುದಿಲ್ಲವೆಂದು—