ಅಣ್ಣನ ಅಡ್ವಾನ್ಸ್ ಟ್ಯಾಕ್ಸು

ನೆಲಮಂಗಲ
೧–೯–೧೯೭೪, ಭಾನುವಾರ

ನಿನ್ನೆ ದೊಡ್ಡಬಳ್ಳಾಪುರಕ್ಕೆ ಹೋಗಿ ಬಂದೆ. ಅಣ್ಣ ದುಡ್ಡು ಕೊಡಲಿಲ್ಲ.

ಪ್ರೀತಿಯ ಲಕ್ಷ್ಮಿಗೆ,

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಅಣ್ಣನನ್ನು ಎದುರಿಗೇ ಕೇಳಿ ಆಮೇಲೆ ಬರೆಯೋಣವೆಂದು ಕಾದೆ. ಗಂಡ ಹೋದ ಮೇಲೆ ಜಡಿಗೇನಹಳ್ಳಿಯಲ್ಲಿ ಮೈದುನರ ಮುಂದೆ ಕೈಯೊಡ್ಡದೆ ಬದುಕಬೇಕೆಂದು ನೀನು ತವರನ್ನು ಕೇಳಿದ್ದು ಒಂದು ಹೊಲಿಗೆ ಮಿಷನ್ನು. ಲಾಟರಿಯಲ್ಲಿ ಲಕ್ಷ ರೂಪಾಯಿ ಬಂದವನಿಗೆ ಅದು ಭಾರವಾಗಲಾರದು ಎಂದು ನಾನೂ ನಂಬಿದ್ದೆ.

ನಡುಮನೆಯಲ್ಲಿ ಅಪ್ಪನ ಪಟವಿದ್ದ ಮೊಳೆಗೆ ಈಗ ಅಣ್ಣ ಚೆಕ್ಕು ತೆಗೆದುಕೊಳ್ಳುತ್ತಿರುವ ಪಟ. ಅಪ್ಪ ಬಾಗಿಲ ಹಿಂದಕ್ಕೆ ಹೋಗಿದ್ದಾರೆ. ಅತ್ತಿಗೆಯ ಕೈತುಂಬ ಹೊಸ ಬಳೆ. ನಾನು ನೋಡಿದ್ದನ್ನು ಅವಳು ನೋಡಿದಳು. “ಹಳೇವೇ ಕಣಮ್ಮ, ಪಾಲಿಶ್ ಹಾಕ್ಸಿದ್ವಿ” ಎಂದಳು. ನಾನು ಕೇಳಿರಲಿಲ್ಲ.

ನಿನ್ನ ಮಾತೆತ್ತಿದ ಕೂಡಲೇ ಅಣ್ಣ ಕಣ್ಣು ಮುಚ್ಚಿದ, ಪೂಜಾರಿಯ ಹಾಗೆ. “ನಿಂಗೇನು ಗೊತ್ತು ಅನುಸೂಯ, ಇನ್ನೂ ಅಡ್ವಾನ್ಸ್ ಟ್ಯಾಕ್ಸ್ ಕಟ್ಬೇಕು. ಮಾರ್ಚ್ ಕಳೆಯೋಗಂಟ ಒಂದು ಪೈಸೆ ಮುಟ್ಟಂಗಿಲ್ಲ.”

ಅಣ್ಣನ ಮಗ್ಗ ನೇಯುವ ಮುನಿಶಾಮಪ್ಪ ಅಲ್ಲೇ ಜಗುಲಿಯ ಮೇಲಿದ್ದ. ನೇಯುವವರು ಯಜಮಾನರಿಂದ ಅಡ್ವಾನ್ಸ್ ಪಡೆದು ತೀರುವವರೆಗೆ ದುಡಿಯುವುದು ನಿನಗೆ ಗೊತ್ತೇ ಇದೆ. ಅವನಿಗೆ ತಿಳಿದಿರುವ ಅಡ್ವಾನ್ಸ್ ಅದೊಂದೇ.

“ಅಣ್ಣೋ, ನಾವು ಅಡ್ವಾನ್ಸ್ ತಗಂಡು ನಿಮ್ಮ ಮಗ್ಗದಾಗೆ ತೀರಿಸ್ತೀವಿ. ನೀವು ಸರ್ಕಾರದ್ದು ಯಾವ ಮಗ್ಗದಾಗೆ ತೀರಿಸ್ತೀರಾ?”

“ಲೇ, ಇದು ಕೊಡೋ ಅಡ್ವಾನ್ಸು ಕಣೋ, ತಗಳೋದಲ್ಲ.”

“ಕೊಡೋರು ನೀವಾದ್ರೆ ಸರ್ಕಾರ ನಿಮ್ಮತ್ರ ಕೂಲಿಗೆ ಐತೆ ಅನ್ನಿ!”

ನನಗೆ ನಗು ಬಂತು. ಅಣ್ಣನಿಗೆ ಬರಲಿಲ್ಲ.

ಅಣ್ಣ ಊರಿಗೆಲ್ಲ ಇದೇ ಮಾತು ಹೇಳುತ್ತಿದ್ದಾನೆಂದು ಕೇಳಿ, ಹೋಗುವ ಮೊದಲೇ ನಮ್ಮ ಬೀದಿಯ ವಕೀಲರನ್ನು ವಿಚಾರಿಸಿದ್ದೆ. “ಬಹುಮಾನ ಕೊಡುವಾಗಲೇ ಟ್ಯಾಕ್ಸ್ ಹಿಡ್ಕೊಂಡಿರ್ತಾರಮ್ಮ. ಲಾಟರಿ ದುಡ್ಡಿಗೆ ಅಡ್ವಾನ್ಸ್ ಟ್ಯಾಕ್ಸೇ ಇಲ್ಲ. ಕಾಯಿದೆಯಲ್ಲೇ ಬಿಟ್ಟಿದಾರೆ” ಎಂದಿದ್ದರು. ಅಣ್ಣನಿಗೆ ಇದನ್ನೇ ಹೇಳಿದೆ. ಅವನು ಪಟದ ಕಡೆ ನೋಡುತ್ತ, “ವಕೀಲರಿಗೆ ಲಾಟರಿ ಹೊಡೆದಿದ್ಯಾ? ಹೊಡೆದೋನಿಗೆ ಗೊತ್ತು” ಎಂದ. ಸುಳ್ಳು ಹೇಳುವುದಕ್ಕೂ ಒಂದಿಷ್ಟು ಶ್ರದ್ಧೆ ಬೇಕು. ಅದೂ ಅವನಲ್ಲಿ ಇಲ್ಲ. ಕಾಫಿ ಕುಡಿಯದೆ ಎದ್ದೆ.

ಮಿಷನ್ನು ಕಂತಿನ ಮೇಲೆ ಸಿಗುತ್ತದೆಯೇ ಎಂದು ಇಲ್ಲಿಯ ಅಂಗಡಿಯಲ್ಲಿ ಕೇಳುತ್ತೇನೆ. ನನ್ನ ಸ್ಕೂಲಿನ ಸಂಬಳದಲ್ಲಿ ಎಷ್ಟು ಆಗುತ್ತದೋ ನೋಡೋಣ. ನೀನು ಅಣ್ಣನಿಗೆ ಇನ್ನೊಂದು ಕಾಗದ ಬರೆಯಬೇಡ. ಮಗಳ ಕೆಮ್ಮು ಕಡಿಮೆಯಾಯಿತೇ? ಅವಳು ಚೆನ್ನಾಗಿ ಓದಲಿ, ನಿನ್ನ ಕೈಗೆ ಬಲ ಬರಲಿ.

ನಿನ್ನ ಅಕ್ಕ,
ಅನುಸೂಯ

ಮರೆತದ್ದಲ್ಲ, ಬರೆಯಬಾರದೆಂದು ಬಿಟ್ಟದ್ದು: ಹೊರಡುವಾಗ ಅಮ್ಮ ಬೀದಿಯವರೆಗೆ ಬಂದಳು. “ಅವನ್ನ ಬೈಕೋಬೇಡ. ‘ಟ್ಯಾಕ್ಸ್ ಅಂತ ಹೇಳಪ್ಪಾ, ಹೆಣ್ಮಕ್ಳಿಗೆ ಅರ್ಥ ಆಗಲ್ಲ, ಸುಮ್ನಾಗ್ತಾರೆ’ ಅಂತ ಅವನಿಗೆ ನಾನೇ ಹೇಳ್ಕೊಟ್ಟೆ. ನಾಳೆ ನನ್ನ ನೋಡ್ಕಳೋನು ಅವನು ತಾನೆ?” ಎಂದಳು. ಹಾಗೆಂದು ನನ್ನ ತಲೆ ಸವರಿ, ಗೌರಿ ಹಬ್ಬಕ್ಕೆ ಬಾಗಿನ ಕಳಿಸುತ್ತೇನೆ ಎಂದಳು. ನಿನಗೆ ಹೋದ ವರ್ಷವೇ ಬಾಗಿನ ನಿಂತಿತು. ನನಗೂ ನಿಲ್ಲಲಿ. ಅಣ್ಣ ತಂದರೆ ಮೊರದ ಸಮೇತ ಹೊಸಲಿನಿಂದಲೇ ಹಿಂದಕ್ಕೆ ಕಳಿಸುತ್ತೇನೆ. ನಿನ್ನ ಭಾವನಿಗೆ ಇನ್ನೂ ಹೇಳಿಲ್ಲ.